ನಾಲ್ಕೂ ಸರಿ. ಮೊದಲು ಯಾವುದು?

1/7

ಪಿಎಂಪಿ ಮೊದಲನೇ ಸಲ ಫೇಲಾಗಿದ್ದು ನಮ್ಮ ಬ್ಯಾಚ್‌ನಲ್ಲಿ ಯಾರಿಗೂ ಹೇಳಿರ್ಲಿಲ್ಲ. ಮನೇಲಿ ಮಾತ್ರ ಗೊತ್ತಿತ್ತು, ಯಾಕಂದ್ರೆ ಫೀಸಿಗೆ ಅಪ್ಪನ ಹತ್ರ ಅರ್ಧ ದುಡ್ಡು ಇಸ್ಕೊಂಡಿದ್ದೆ. ಎರಡನೇ ಸಲ ಪಾಸಾದಾಗ ಸ್ಟೋರಿ ಹಾಕಿದೆ. ಕಂಗ್ರಾಟ್ಸ್ ಜೊತೆಗೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದ್ರು: "ಎರಡು ಆಪ್ಷನ್ ತೆಗೆದುಹಾಕ್ತೀವಿ, ಉಳಿದ ಎರಡೂ ಸರಿ ಅನ್ಸತ್ತೆ, ಆಗ ಏನ್ಮಾಡೋದು?"

ಗೊತ್ತಿಲ್ಲದೋರಿಗೆ ಎರಡು ಮಾತು. ಪಿಎಂಪಿ ಅಂದ್ರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್. ನಡೆಸೋದು ಪಿಎಂಐ ಅನ್ನೋ ಸಂಸ್ಥೆ. ಅದು 1969ರಲ್ಲಿ ಅಮೆರಿಕದಲ್ಲಿ ಹುಟ್ಟಿತು, ಈ ಪರೀಕ್ಷೆ ಶುರುವಾಗಿದ್ದು 1984ರಲ್ಲಿ. ನಾಲ್ಕು ವರ್ಷದ ಡಿಗ್ರಿ ಇದ್ದರೆ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ, ಜೊತೆಗೆ 35 ಗಂಟೆ ತರಬೇತಿ ಬೇಕು. ಕಾಲೇಜಲ್ಲೇ ಇರೋ ತಮ್ಮ-ತಂಗಿಯರಿಗೆ ಕ್ಯಾಪ್‌ಎಂ ಅಂತ ಚಿಕ್ಕದೊಂದಿದೆ, ಅದಕ್ಕೆ 23 ಗಂಟೆ ತರಬೇತಿ ಸಾಕು.

ನಾನು ಬರೆದದ್ದು 2021ರ ಜನವರಿಯಲ್ಲಿ ಬಂದ ಮಾದರಿ: 180 ಪ್ರಶ್ನೆ, 230 ನಿಮಿಷ. ಭಾಗ ಮಾಡಿ ನೋಡಿ, ಒಂದಕ್ಕೆ 77 ಸೆಕೆಂಡ್ ಕೂಡ ಬರಲ್ಲ. ನೀವು ಬರೆಯೋ ಹೊತ್ತಿಗೆ ಮಾದರಿ ಏನಿದೆ ಅಂತ ಪಿಎಂಐ ಸೈಟಲ್ಲೇ ನೋಡ್ಕೊಳ್ಳಿ, ಯೂಟ್ಯೂಬ್ ನಂಬ್ಬೇಡಿ. ತಪ್ಪಿಗೆ ಮಾರ್ಕ್ಸ್ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡೋ ಹಂಗಿಲ್ಲ. ಬ್ರೇಕ್ ತಗೊಂಡ ಮೇಲೆ ಹಿಂದಿನ ಭಾಗಕ್ಕೆ ವಾಪಸ್ ಹೋಗಕ್ಕೂ ಆಗಲ್ಲ. ಅಂದ್ರೆ "ಆಮೇಲೆ ನೋಡೋಣ" ಅನ್ನೋ ನಮ್ಮ ಮೈಸೂರಿನ ಮಂತ್ರ ಅಲ್ಲಿ ನಡೆಯಲ್ಲ.

2/7

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಉಳಿದ ಎರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಅಂದ್ಕೊಂಡು ಹುಡುಕೋದೇ ತಪ್ಪು. ಬಹಳ ಸಲ ಎರಡೂ ಸರಿಯಾದ ಕೆಲಸವೇ ಆಗಿರ್ತವೆ. ಕೆಲವು ಸಲ ನಾಲ್ಕೂ. ಪ್ರಶ್ನೆ ಕೇಳ್ತಿರೋದು ಯಾವುದು ಒಳ್ಳೇ ಕೆಲಸ ಅಂತಲ್ಲ. ಈ ಹೊತ್ತಿಗೆ, ಈ ಕುರ್ಚಿಯಲ್ಲಿ ಕೂತವರು ಮಾಡ್ಬೇಕಾದ್ದು ಯಾವುದು ಅಂತ.

ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಹೊರಗೆ ಹೇಳಲ್ಲ ಅಂತ ಒಪ್ಪಿಗೆ ಕೊಟ್ಟೇ ಒಳಗೆ ಹೋಗಿರ್ತೀವಿ. (ಟೆಲಿಗ್ರಾಂನಲ್ಲಿ "ರಿಯಲ್ ಕ್ವೆಶ್ಚನ್ಸ್" ಅಂತ ಮಾರೋರ ಹತ್ರ ತಗೋಬೇಡಿ ಅಂತ ಇದಕ್ಕಿಂತ ಮೆತ್ತಗೆ ಹೇಳಕ್ಕೆ ನಂಗೆ ಬರಲ್ಲ.) ಅದಕ್ಕೇ ಒಂದು ಪ್ರಶ್ನೆ ನಾನೇ ಕಟ್ಟಿದ್ದೀನಿ, ನಮ್ಮೂರಿನದ್ದು.

ದಸರಾ. ಜಂಬೂ ಸವಾರಿಗೆ ಎರಡು ದಿನ ಇದೆ. ಆನೆಗಳ ಉಸ್ತುವಾರಿ ನಿಮ್ಮದು. ಕ್ಯಾಪ್ಟನ್ ಆನೆಗೆ ಮದ ಬರ್ತಿದೆ ಅನ್ನೋ ಮಾತು ಎದ್ದಿದೆ. ನೀವು ಮೊದಲು ಏನು ಮಾಡ್ತೀರಿ?

ಎ. ಬದಲಿ ಆನೆಯನ್ನ ಮುಂದಕ್ಕೆ ತರೋದು.
ಬಿ. ಪಶುವೈದ್ಯರನ್ನ ಕರೆದು ತಪಾಸಣೆ ಮಾಡಿಸೋದು.
ಸಿ. ಮೇಲಿನ ಸಮಿತಿಗೆ ವಿಷಯ ಮುಟ್ಟಿಸೋದು.
ಡಿ. ಮಾವುತರು, ವೈದ್ಯರು, ಪೊಲೀಸರು ಎಲ್ಲರನ್ನೂ ಕೂರಿಸ್ಕೊಂಡು ದಾರಿ ಹುಡುಕೋದು.

ಇದರಲ್ಲಿ ಕೆಟ್ಟ ಉತ್ತರ ಯಾವುದಿದೆ ಹೇಳಿ? 750 ಕೆಜಿ ಚಿನ್ನದ ಅಂಬಾರಿ, ಅದರಲ್ಲಿ ಚಾಮುಂಡಿ ತಾಯಿ, ಅರಮನೆಯಿಂದ ಬನ್ನಿಮಂಟಪದ ತನಕ ಸುಮಾರು ಐದು ಕಿಲೋಮೀಟರ್, ಎರಡೂ ಬದಿ ಜನ. ಇಂಥಾದ್ರಲ್ಲಿ ನಾಲ್ಕೂ ಕೆಲಸ ಯಾವತ್ತಾದ್ರೂ ಮಾಡ್ಲೇಬೇಕು. ಸ್ವೈಪ್ ಮಾಡೋ ಮುಂಚೆ ಒಂದು ಆರಿಸ್ಕೊಳ್ಳಿ.

3/7

ಈಗ ಆಪ್ಷನ್ ಮುಟ್ಟಲ್ಲ. ಮೇಲಿನ ಕಥೆ ಮಾತ್ರ ಬದಲಾಯಿಸ್ತೀನಿ.

ಕಾವಾಡಿ ಬಂದು "ಯಾಕೋ ಬೆಳಗ್ಗೆಯಿಂದ ಸರಿಯಿಲ್ಲ ಸಾರ್, ಕೆನ್ನೆ ಹತ್ರ ಒದ್ದೆ ಕಾಣ್ಸತ್ತೆ" ಅಂತಾನೆ. ಅಷ್ಟೇ ಗೊತ್ತಿರೋದು. ಉತ್ತರ ಬಿ. ಇನ್ನೂ ಅನುಮಾನ ಅದು, ಖಚಿತ ಅಲ್ಲ. ಅನುಮಾನ ಇಟ್ಕೊಂಡು ಆನೆ ಬದಲಾಯಿಸಕ್ಕಾಗಲ್ಲ, ಸಮಿತಿಯನ್ನ ಎಬ್ಬಿಸಕ್ಕೂ ಆಗಲ್ಲ.

ವೈದ್ಯರು ನೋಡಿ ಹೌದು ಅಂದಿದ್ದಾರೆ. ಬದಲಿ ಆನೆಗೂ ಭಾರ ಹೊರೋ ತಾಲೀಮು ಆಗಿದೆ, ಹೀಗಾದರೆ ಅದನ್ನೇ ತರೋದು ಅಂತ ಯೋಜನೆಯಲ್ಲಿ ಬರೆದಿದೆ. ಉತ್ತರ ಎ. ಇಲ್ಲಿ ಡಿ ಆರಿಸೋರು ತುಂಬಾ ಜನ, ನಾನೂ ಅವರಲ್ಲೊಬ್ಬ. ಎಲ್ಲರನ್ನೂ ಕೂರಿಸ್ಕೊಂಡು ಮಾತಾಡೋದು ಒಳ್ಳೇದಲ್ವಾ ಅಂತ. ಆದರೆ ಆ ಮಾತುಕತೆ ಆಗ್ಲೇ ಮುಗಿದಿದೆ! ಮುಗಿದದ್ದಕ್ಕೇ ತಾಲೀಮು ಆಗಿರೋದು. ಅರಮನೆ ಆವರಣದಲ್ಲಿ ದಸರಾಗೆ ಮುಂಚೆ ಬೆಳಗ್ಗೆ ಹೋಗಿ ನೋಡಿದ್ದರೆ ಗೊತ್ತಿರತ್ತೆ. ಮರಳು ಮೂಟೆ ಹೊರಿಸಿ ದಿನದಿಂದ ದಿನಕ್ಕೆ ಭಾರ ಏರಿಸ್ತಾರೆ, ಆಮೇಲೆ ಮರದ ಅಂಬಾರಿ, ಕುಶಾಲತೋಪಿನ ಸದ್ದಿಗೆ ಬೆದರದೆ ಇರಕ್ಕೆ ಬೇರೆ ತಾಲೀಮು. ಕ್ಯಾಪ್ಟನ್ ಒಬ್ಬನಿಗೇ ಅಲ್ಲ, ಇನ್ನೂ ಕೆಲವು ಆನೆಗಳಿಗೂ ಭಾರ ಹೊರಿಸಿ ನೋಡ್ತಾರೆ. ಪಿಎಂಐ ಪುಸ್ತಕದಲ್ಲಿ ರಿಸ್ಕ್ ರೆಸ್ಪಾನ್ಸ್ ಬಗ್ಗೆ ಓದಿ ತಲೆಗೆ ಹತ್ತದೇ ಇದ್ದದ್ದು ನಂಗೆ ಆ ಮರಳು ಮೂಟೆ ನೆನಪಾದ ಮೇಲೆ ಹತ್ತಿತು. ಅರ್ಜುನ 2012ರಿಂದ 2019ರ ತನಕ ಎಂಟು ಸಲ ಅಂಬಾರಿ ಹೊತ್ತ. ಅರವತ್ತು ದಾಟಿದ ಮೇಲೆ ಭಾರ ಬೇಡ ಅಂತ 2020ರಲ್ಲಿ ಅಭಿಮನ್ಯು ಬಂದ. ಆ ಬದಲಾವಣೆ ವಿಜಯದಶಮಿ ಬೆಳಗ್ಗೆ ಕೂತು ಯೋಚಿಸಿದ್ದಲ್ಲ.

ಮೂರನೇ ಕಥೆ. ವೈದ್ಯರು ಹೌದು ಅಂದಿದ್ದಾರೆ, ಬದಲಿ ಆನೆ ಕಾಲಿಗೂ ಪೆಟ್ಟಾಗಿದೆ, ಯೋಜನೆಯಲ್ಲಿ ಮೂರನೇ ದಾರಿ ಬರೆದಿಲ್ಲ. ಈಗ ಡಿ. ಬರಿಗೈಲಿ ಸಮಿತಿ ಮುಂದೆ ಹೋದರೆ "ಏನ್ ಮಾಡೋಣ ಅಂತೀರಾ?" ಅಂತ ಕೇಳ್ತಾರೆ. ಆಗ ಹೇಳಕ್ಕೆ ಏನಾದ್ರೂ ಇರ್ಬೇಕಲ್ಲ.

ನಾಲ್ಕನೆಯದು. ಎಲ್ಲರೂ ಕೂತು ಮಾತಾಡಿ ಆಯ್ತು. ಮೆರವಣಿಗೆಯನ್ನ ಅರಮನೆ ಆವರಣದೊಳಗೇ ಮುಗಿಸೋದೊಂದೇ ದಾರಿ ಅಂತ ಒಮ್ಮತ. ಇದು ನಿಮ್ಮ ಕೈಲಿಲ್ಲ. 2020ರಲ್ಲಿ ಕೊರೋನಾ ಕಾರಣಕ್ಕೆ ಜಂಬೂ ಸವಾರಿ ನಿಜಕ್ಕೂ ಅರಮನೆ ಅಂಗಳ ದಾಟಲಿಲ್ಲ, ನೆನಪಿರ್ಬೇಕು. ಆದರೆ ಅದನ್ನ ತೀರ್ಮಾನಿಸಿದ್ದು ಆನೆ ನೋಡ್ಕೊಳ್ಳೋರಲ್ಲ, ಸರ್ಕಾರ. ಹಾಗಾಗಿ ಸಿ, ಕೈಯಲ್ಲಿ ಶಿಫಾರಸು ಹಿಡ್ಕೊಂಡು.

ಅದೇ ನಾಲ್ಕು ಸಾಲು. ಪ್ರತಿಯೊಂದೂ ಒಂದೊಂದು ಸಲ ಗೆದ್ದಿತು.

4/7

ಇದನ್ನ ಯಾಕಿಷ್ಟು ಎಳೆದೆ ಅಂದ್ರೆ, ನಾನು ಮೊದಲ ಸಲ ಬಿದ್ದದ್ದೇ ಇಲ್ಲಿ.

ಪಿಎಂಪಿಗೆ ಓದೋರ ಹತ್ರ ಒಂದು ಪಟ್ಟಿ ಇದ್ದೇ ಇರತ್ತೆ, "ಮೈಂಡ್‌ಸೆಟ್" ಅಂತ. ಎಸ್ಕಲೇಟ್ ಅಂತಿರೋ ಆಪ್ಷನ್ ಯಾವತ್ತೂ ತಪ್ಪು. ಕೊಲಾಬೊರೇಟ್ ಅಂತಿದ್ದರೆ ಕಣ್ಮುಚ್ಚಿ ಒತ್ತು. ಅಸೆಸ್, ಅನಲೈಸ್, ರಿವ್ಯೂ ಅಂತ ಶುರುವಾದದ್ದೇ ಮೊದಲ ಹೆಜ್ಜೆ. ನಂಗೂ ವಾಟ್ಸಾಪಲ್ಲಿ ಪಿಡಿಎಫ್ ಬಂದಿತ್ತು. ಪ್ರಿಂಟ್ ತೆಗೆಸಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸುತ್ತು ಹಾಕ್ತಾ ಸುಪ್ರಭಾತದ ಥರ ಬಾಯಿಪಾಠ ಮಾಡಿದ್ದೆ.

ಪಟ್ಟಿ ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಬಹಳ ಸಲ ಕೆಲಸ ಮಾಡತ್ತೆ. ಹಾಗಾಗಿ ಅಭ್ಯಾಸದ ಪ್ರಶ್ನೆಗಳಲ್ಲಿ ಒಳ್ಳೇ ಮಾರ್ಕ್ಸ್ ಬರತ್ತೆ, ಪ್ರಶ್ನೆ ಓದೋದನ್ನ ನಾವು ಮೆಲ್ಲಗೆ ನಿಲ್ಲಿಸ್ತೀವಿ. ಮೊದಲು ಆಪ್ಷನ್‌ಗೆ ಕಣ್ಣು, ಆಮೇಲೆ ಕಥೆಗೆ. ಮೇಲಿನ ನಾಲ್ಕು ಕಥೆಗೂ ಪಟ್ಟಿ ಕೊಡೋ ಉತ್ತರ ಒಂದೇ, ಡಿ. ನಾಲ್ಕಕ್ಕೆ ಒಂದು. ನನ್ನ ರಿಸಲ್ಟ್ ಶೀಟಲ್ಲಿ ಪೀಪಲ್ ವಿಭಾಗದ ಮುಂದೆ "ನೀಡ್ಸ್ ಇಂಪ್ರೂವ್‌ಮೆಂಟ್" ಅಂತ ಬಂದಿತ್ತು. ನಾಲ್ಕು ದರ್ಜೆಯಲ್ಲಿ ತೀರಾ ಕೆಳಗಿನದ್ದು ಅದು.

ಇನ್ನೊಂದು ಕಾರಣ ಇತ್ತು, ಒಪ್ಪಿಕೊಳ್ಳಕ್ಕೆ ಸ್ವಲ್ಪ ಟೈಮ್ ಹಿಡೀತು. ಪಟ್ಟಿ ಮರೆತುಹೋದಾಗೆಲ್ಲ ನನ್ನ ಕೈ ತಾನಾಗೇ ಹೋಗ್ತಿದ್ದದ್ದು "ಮ್ಯಾನೇಜರ್‌ಗೆ ತಿಳಿಸು" ಅನ್ನೋದಕ್ಕೆ. ನಾವು ಬೆಳೆದದ್ದೇ ಹಾಗೆ. ಕ್ಲಾಸಲ್ಲಿ ಜಗಳ ಆದರೆ ಮಿಸ್‌ಗೆ ಹೇಳು, ಬೀದೀಲಿ ಆದರೆ ದೊಡ್ಡೋರಿಗೆ ಹೇಳು, ಆಫೀಸಲ್ಲಿ ಆದರೆ ಸಾರ್‌ಗೆ ಒಂದು ಮೇಲ್ ಹಾಕಿ ಕೈ ತೊಳ್ಕೊ. ಪಿಎಂಐ ಕಲ್ಪಿಸ್ಕೊಂಡಿರೋ ಆಫೀಸು ಬೇರೆ. ಅಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಕೈಲಿ ಅಧಿಕಾರ ಇರತ್ತೆ, ತೊಂದರೆ ಕೊಡ್ತಿರೋರ ಹತ್ರ ನೇರ ಹೋಗಿ ಮಾತಾಡ್ತಾರೆ, ಮಾತಾಡಿದ್ದಕ್ಕೆ ಯಾರೂ ಮುನಿಸ್ಕೊಳ್ಳಲ್ಲ. ನಮ್ಮಲ್ಲಿ ಎಷ್ಟು ಆಫೀಸು ಹಾಗಿದೆ ಅಂತ ನಗಬೇಡಿ, ಪರೀಕ್ಷೆ ನಡೆಯೋದು ಆ ಆಫೀಸಲ್ಲೇ.

ಆದ್ರೆ ಆ ನೇರ ಮಾತು ಬರೀ ಅಮೆರಿಕದ ಶೋಕಿ ಅಂತ ನಾನು ತಳ್ಳಿಹಾಕಲ್ಲ. ಹಿಂದೆ ನಾನಿದ್ದ ಒಂದು ಕಂಪನೀಲಿ ಜೂನಿಯರ್ ಒಬ್ಬನ ಕೆಲಸ ಮೂರು ದಿನ ತಡ ಆಯ್ತು. ನಾನು ಅವನನ್ನ ಕೇಳ್ಲಿಲ್ಲ. ಮ್ಯಾನೇಜರ್‌ಗೆ ಮೇಲ್ ಹಾಕಿದೆ, ಅವನನ್ನ ಸಿಸಿಯಲ್ಲಿಟ್ಟೆ. ಆಮೇಲೆ ನೋಡಿದ್ರೆ ಅವನಿಗೆ ಸರ್ವರ್ ಪರ್ಮಿಷನ್ ಸಿಕ್ಕಿರ್ಲಿಲ್ಲ. ಪರ್ಮಿಷನ್ ಕೇಳಿದ ಮೇಲ್ ನನ್ನ ಇನ್‌ಬಾಕ್ಸಲ್ಲೇ ಓದದೇ ಬಿದ್ದಿತ್ತು! ಎದ್ದು ನಾಲ್ಕು ಹೆಜ್ಜೆ ನಡೆದಿದ್ರೆ ಎರಡು ನಿಮಿಷದ ಕೆಲಸ. ಅವನು ಏನೂ ಅನ್ಲಿಲ್ಲ, ಆದರೆ ಅವತ್ತಿಂದ ನಂಗೆ "ಅಣ್ಣ" ಅನ್ನೋದು ಬಿಟ್ಟು "ಸರ್" ಅಂತ ಕರೆಯಕ್ಕೆ ಶುರು ಮಾಡಿದ.

5/7

ಎರಡನೇ ಸಲಕ್ಕೆ ಪಟ್ಟಿ ಬದಿಗಿಟ್ಟೆ. ಬದಲಿಗೆ ಮಾಡಿದ್ದು ತೀರಾ ಸಾದಾ ಕೆಲಸ: ಪ್ರಶ್ನೆಯನ್ನ ಮನಸ್ಸಲ್ಲೇ ಕನ್ನಡದಲ್ಲಿ ಹೇಳ್ಕೊಳ್ಳೋದು. ಮನಸ್ಸಲ್ಲೇ, ಯಾಕಂದ್ರೆ ಮನೆಯಿಂದ ಆನ್‌ಲೈನಲ್ಲಿ ಬರೆಯೋವಾಗ ಬಾಯಿಬಿಟ್ಟು ಓದೋ ಹಂಗಿಲ್ಲ, ಕ್ಯಾಮೆರಾ ಆ ಕಡೆ ನೋಡ್ತಿರ್ತಾರೆ. ಈ ಪರೀಕ್ಷೆ ಕನ್ನಡದಲ್ಲಿ ಇಲ್ಲ. ಆದರೆ ಯೋಚನೆ ಕನ್ನಡದಲ್ಲಿ ಮಾಡಬೇಡಿ ಅಂತ ಯಾವ ನಿಯಮವೂ ಇಲ್ಲವಲ್ಲ.

ಇಂಗ್ಲಿಷಲ್ಲಿ "ಶುಡ್ ಡೂ" ಮತ್ತೆ "ಶುಡ್ ಹ್ಯಾವ್ ಡನ್" ಓಡೋ ಕಣ್ಣಿಗೆ ಒಂದೇ ಥರ ಕಾಣ್ತವೆ. ಕನ್ನಡದಲ್ಲಿ ಒಂದು "ಮಾಡಬೇಕು", ಇನ್ನೊಂದು "ಮಾಡಬೇಕಿತ್ತು". ಎರಡನೆಯದು ಹಿಂದಕ್ಕೆ ತಿರುಗಿ ಕೇಳ್ತಿದೆ: ಆನೆ ಬಿದ್ದ ಮೇಲೆ ಏನು ಅಂತಲ್ಲ, ಬೀಳದೇ ಇರಕ್ಕೆ ತಿಂಗಳ ಹಿಂದೆ ಏನು ಮಾಡಬೇಕಿತ್ತು ಅಂತ. ಉತ್ತರವೇ ಬೇರೆ. ಹಾಗೇ "ಫಸ್ಟ್" ಅಂದ್ರೆ ಮೊದಲು, ಉಳಿದದ್ದು ಆಮೇಲೆ ಇದ್ದೇ ಇದೆ. "ಬೆಸ್ಟ್" ಅಂದ್ರೆ ಬೇರೇನೂ ಮಾಡಕ್ಕೆ ಬಿಡದೆ ಒಂದೇ ಒಂದು ಮಾಡು ಅಂದ್ರೆ ಯಾವುದು ಅಂತ. ಫಸ್ಟ್ ಪ್ರಶ್ನೆಯಲ್ಲಿ ಪುಟ್ಟ ಕೆಲಸ ಗೆಲ್ಲಬಹುದು, ವೈದ್ಯರನ್ನ ಕರೆಯೋ ಥರದ್ದು. ಬೆಸ್ಟ್ ಪ್ರಶ್ನೆಯಲ್ಲಿ ಅದೇ ಪುಟ್ಟ ಕೆಲಸ ಸೋಲಬಹುದು, ಯಾಕಂದ್ರೆ ಬರೀ ತಪಾಸಣೆಯಿಂದ ಅಂಬಾರಿ ಬನ್ನಿಮಂಟಪ ಸೇರಲ್ಲ.

ಆಮೇಲೆ ಒಂದೇ ಪ್ರಶ್ನೆ ಕೇಳ್ಕೋತಿದ್ದೆ: ಈ ಆಪ್ಷನ್ ಸರಿ ಆಗ್ಬೇಕಾದ್ರೆ ಕಥೆಯಲ್ಲಿ ಇಲ್ಲದ ಯಾವ ಸಾಲನ್ನ ನಾನು ಸೇರಿಸ್ತಿದ್ದೀನಿ? ಕಾವಾಡಿ ಬರೀ ಅನುಮಾನ ಹೇಳಿದಾಗ ಎ ಆರಿಸ್ಬೇಕಾದ್ರೆ "ವೈದ್ಯರು ಹೌದಂದ್ರು" ಅನ್ನೋ ಸಾಲು ನಾನೇ ಬರ್ಕೋಬೇಕು. ಬಿಗೆ ಏನೂ ಸೇರಿಸೋದು ಬೇಡ. ಉಳಿದ ಎರಡರಲ್ಲಿ ಯಾವುದಕ್ಕೆ ನಮ್ಮ ಕಡೆಯಿಂದ ಕಮ್ಮಿ ಕಥೆ ಬೇಕೋ ಅದನ್ನ ಒತ್ತಿ ಮುಂದೆ ಹೋಗೋದು. ಎಲ್ಲಾ ಸಲ ಕೈ ಹಿಡಿಯಿತು ಅಂತ ಹೇಳಲ್ಲ. ಪಾಸಾಗೋವಷ್ಟು ಸಲ ಹಿಡಿಯಿತು.

6/7

ಇಷ್ಟು ಹೇಳಿದ ಮೇಲೆ ನಂಗೇ ಇನ್ನೂ ಸಮಾಧಾನ ಇಲ್ಲದ ಒಂದು ವಿಷಯ. ಇದನ್ನೂ ನಾನೇ ಕಟ್ಟಿದ್ದು, ಆದರೆ ಕಥೆ ನಿಜ.

1911. ಕನ್ನಂಬಾಡಿ. ನೀವು ಮೈಸೂರಿನ ಚೀಫ್ ಎಂಜಿನಿಯರ್, ಹೆಸರು ವಿಶ್ವೇಶ್ವರಯ್ಯ. ದುಡ್ಡಿನ ಇಲಾಖೆಯವರು ಈ ಅಣೆಕಟ್ಟಿಂದ ಪ್ರಯೋಜನ ಇಲ್ಲ ಅಂದಿದ್ರು, ನೀವು ದಿವಾನರ ತನಕ, ಮಹಾರಾಜರ ತನಕ ಹೋಗಿ ಅಕ್ಟೋಬರಲ್ಲಿ ಒಪ್ಪಿಗೆ ತಂದಿದ್ದೀರಿ. (ನೋಡಿ, ಎಸ್ಕಲೇಟ್ ಯಾವತ್ತೂ ತಪ್ಪು ಅನ್ನೋರಿಗೆ.) ನವೆಂಬರಲ್ಲಿ ಕೆಲಸ ಶುರು. ಆದರೆ 1892ರ ಒಪ್ಪಂದದ ಪ್ರಕಾರ ಮದ್ರಾಸಿನ ಒಪ್ಪಿಗೆಯೂ ಬೇಕು. ಮದ್ರಾಸ್ ಒಪ್ತಿಲ್ಲ, ಅವರಿಗೂ ಮೆಟ್ಟೂರಿನಲ್ಲಿ ಕಟ್ಟೋ ಯೋಚನೆ ಇದೆ. ಭಾರತ ಸರ್ಕಾರ ಹೇಳತ್ತೆ: ಕಟ್ಟಿ, ಆದರೆ 11 ಟಿಎಂಸಿ ಮಾತ್ರ. ನಿಮ್ಮ ನಕ್ಷೆಯಲ್ಲಿರೋದು ಅದರ ಮೂರು ಪಟ್ಟಿಗೂ ಮೀರಿದ್ದು. ಕಲ್ಲಿನ ಕಟ್ಟೆ ಎತ್ತರ ಹೋಗ್ಬೇಕಾದ್ರೆ ಪಾಯ ಅಗಲ ಇರ್ಬೇಕು, ಆಮೇಲೆ ಎಳೆದು ಅಗಲ ಮಾಡಕ್ಕೆ ಅದು ರಬ್ಬರ್ ಅಲ್ಲ. ಈಗ?

ಸಣ್ಣ ಪಾಯ ಹಾಕೋದಾ. ಕೆಲಸ ನಿಲ್ಲಿಸಿ ಮಾತುಕತೆಗೆ ಕಾಯೋದಾ. ಬದಲಾವಣೆಗೆ ಬರವಣಿಗೆಯಲ್ಲಿ ಅರ್ಜಿ ಹಾಕೋದಾ. ಅಥವಾ ದೊಡ್ಡದಕ್ಕೇ ಪಾಯ ಹಾಕೋದಾ.

ಪರೀಕ್ಷೆಯಲ್ಲಾದ್ರೆ ನಾನು ಅರ್ಜಿಗೆ ಒತ್ತಿ ಮುಂದೆ ಹೋಗ್ತೀನಿ. ಒಪ್ಪಿಗೆ ಆದ ಅಳತೆ ಮೀರಿ ಕೆಲಸ ಮಾಡೋದು ಅಲ್ಲಿ ನೇರ ತಪ್ಪು. ಮೈಸೂರು ಮಾಡಿದ್ದು ಕೊನೆಯದನ್ನ. ಮದ್ರಾಸ್ ಸಿಟ್ಟಾಯ್ತು, ವಿಷಯ ಪಂಚಾಯ್ತಿಗೆ ಹೋಯ್ತು. 1913ರ ಜುಲೈಯಲ್ಲಿ ಗ್ರಿಫಿನ್ ಅನ್ನೋರ ಮುಂದೆ ವಿಚಾರಣೆ, 1914ರ ಮೇನಲ್ಲಿ ತೀರ್ಪು, ಅದರ ಮೇಲೆ ಮದ್ರಾಸಿನ ಮೇಲ್ಮನವಿ, ಕೊನೆಗೆ 1924ರ ಫೆಬ್ರವರಿಯಲ್ಲಿ ಒಪ್ಪಂದ. ಪ್ರತಿ ಮಳೆಗಾಲ ಪೇಪರಲ್ಲಿ ನಾವು ಕಾಯೋ 124.80 ಅಡಿ, ಸುಮಾರು 49 ಟಿಎಂಸಿ ನಿಂತಿರೋದು ಅಗಲವಾಗಿ ಹಾಕಿದ ಆ ಪಾಯದ ಮೇಲೆ.

ಇದನ್ನ ಹೇಳಿದಾಗ ಗೆಳೆಯನೊಬ್ಬ "ನೋಡು, ಸರ್ ಎಂ.ವಿ. ಪಿಎಂಪಿ ಫೇಲ್ ಆಗ್ತಿದ್ರು" ಅಂತ ನಕ್ಕ. ನಂಗೆ ಅದು ಅಷ್ಟು ಸಲೀಸು ಅನ್ಸಲ್ಲ. ಮಹಾರಾಜರ ಬೆಂಬಲ ಇದ್ದ ಅಣೆಕಟ್ಟಿನ ಕಥೆ ತೋರಿಸಿ ನಾವು ಆಫೀಸಲ್ಲಿ ಕ್ಲೈಂಟ್ ಒಪ್ಪದ ಫೀಚರ್ ಕದ್ದು ಸೇರಿಸಕ್ಕಾಗಲ್ಲ. ಆ ಪಾಯಕ್ಕೆ ಬಡ್ಡಿ ಹತ್ತಾರು ವರ್ಷ ಕಟ್ಟಿದ್ದೀವಿ, ಕಾವೇರಿ ಗಲಾಟೆ ನಾವೆಲ್ಲ ಶಾಲೆ ರಜೆಯ ಲೆಕ್ಕದಲ್ಲಿ ಕಂಡೋರೇ. ಹಂಗಂತ ಅರ್ಜಿ ಹಾಕಿ ಕಾಯ್ತಾ ಕೂತಿದ್ರೆ ಮಂಡ್ಯದ ಗದ್ದೆಗೆ ನೀರು ಯಾವಾಗ ಬರ್ತಿತ್ತು ಅಂತಾನೂ ನಾನು ಹೇಳ್ಲಾರೆ. ಪರೀಕ್ಷೆಯ ಪ್ರಶ್ನೆಯೊಳಗೆ ಗಡಿಯಾರ ಓಡಲ್ಲ. "ಮೊದಲು ಪರಿಶೀಲಿಸು" ಅನ್ನೋದು ಅಲ್ಲಿ ಬಿಟ್ಟಿ ಸಿಗತ್ತೆ. ಹೊರಗೆ ಅದಕ್ಕೂ ಬೆಲೆ ಇದೆ: ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದು 2016ರಲ್ಲಿ. ಕೆಡವಿ ಕಟ್ಟೋದಾ, ಉಳಿಸಿ ರಿಪೇರಿ ಮಾಡೋದಾ ಅಂತ ತಜ್ಞರು ಎರಡೂ ಕಡೆ ವರದಿ ಕೊಡ್ತಾ ಹೋದ್ರು, ವರ್ಷಗಳು ಹೋದವು, ಹೂವಿನೋರು ಅದೇ ಸೂರಿನ ಕೆಳಗೆ ಹೂ ಕಟ್ತಾ ಕೂತ್ರು.

ಇನ್ನೊಂದು ನನ್ನನ್ನ ಕಾಡೋದು. ಕನ್ನಂಬಾಡಿಗೆ ನಾನು ಬರೆದ ನಾಲ್ಕು ಆಪ್ಷನ್ ಮತ್ತೆ ಓದಿ. ಮುಳುಗಿದ ಊರುಗಳ ಸಾವಿರಾರು ಜನ ಒಂದರಲ್ಲೂ ಇಲ್ಲ. ಪ್ರಶ್ನೆ ಕಟ್ಟೋವಾಗ ನಂಗೇ ನೆನಪಾಗ್ಲಿಲ್ಲ, ಮೂರನೇ ಸಲ ಓದಿದಾಗ ಹೊಳೀತು. ಸುಮ್ನೆ ಸೇರಿಸಿ ಸರಿ ಮಾಡಬಹುದಿತ್ತು, ಹಾಗೇ ಬಿಟ್ಟಿದ್ದೀನಿ. ಪರೀಕ್ಷೆಯಲ್ಲಿ ಕೊಟ್ಟ ನಾಲ್ಕರಲ್ಲೇ ಆರಿಸ್ಬೇಕು, ಬೇರೆ ದಾರಿ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾಲ್ಕನ್ನ ಬರೆದೋರು ಯಾರು ಅಂತ ಕೇಳೋ ಅವಕಾಶ ಇರತ್ತೆ, ಆದ್ರೆ 180 ಪ್ರಶ್ನೆಗೆ ಆರು ತಿಂಗಳು ತಯಾರಿ ಮಾಡಿದ ಮೇಲೆ ಆ ಅಭ್ಯಾಸ ಸ್ವಲ್ಪ ತಪ್ಪಿಹೋಗಿರತ್ತೆ. ನಂಗಂತೂ ತಪ್ಪಿತ್ತು.

7/7

ನಮ್ಮ ಬ್ಯಾಚಿನ ಇಬ್ಬರು ಈ ಶನಿವಾರ ಬರೀತಿದ್ದಾರೆ. ಅವರಿಗೋಸ್ಕರ ಐದನೇ ಕಥೆ, ಆಪ್ಷನ್ ಅದೇ ನಾಲ್ಕು, ಎರಡನೇ ಸ್ಲೈಡಲ್ಲಿವೆ.

ಮದ ಹೌದು ಅಂತ ವೈದ್ಯರು ಹೇಳಿ ಆಗಿದೆ. ಬದಲಿ ಆನೆ ಆರೋಗ್ಯವಾಗಿದೆ, ತಾಲೀಮು ಆಗಿದೆ, ಯೋಜನೆಯಲ್ಲಿ ಹೆಸರೂ ಇದೆ. ಆದರೆ ಆ ಬದಲಿ ಆನೆಯ ಮಾವುತ, ಇಪ್ಪತ್ತು ವರ್ಷದಿಂದ ಅದನ್ನ ಸಾಕಿರೋನು, ಮೆಲ್ಲಗೆ ಬಂದು ಹೇಳ್ತಾನೆ: "ಮರಳು ಮೂಟೆ ಹೊತ್ತಾಗ ಏನೂ ತೊಂದ್ರೆ ಇರ್ಲಿಲ್ಲ ಸಾರ್. ಕುಶಾಲತೋಪು ಹೊಡ್ದಾಗ ಮಾತ್ರ ನಂಗೆ ಯಾಕೋ ಧೈರ್ಯ ಸಾಲ್ತಿಲ್ಲ."

ಮೊದಲು ಏನು ಮಾಡ್ತೀರಿ? 77 ಸೆಕೆಂಡ್. ಎ ಅನ್ನೋರು, ಬಿ ಅನ್ನೋರು, ಡಿ ಅನ್ನೋರು ಕೆಳಗೆ ಬರೀರಿ, ಯಾವ ಪದ ನೋಡಿ ಆರಿಸಿದ್ರಿ ಅನ್ನೋದನ್ನೂ ಸೇರಿಸಿ. ಬರೀ ಅಕ್ಷರ ಹಾಕಿ ಹೋದೋರಿಗೆ ಲೈಕ್ ಇಲ್ಲ. ನನ್ನ ಉತ್ತರ ಭಾನುವಾರ ಹಾಕ್ತೀನಿ, ಅವರಿಬ್ಬರ ಪರೀಕ್ಷೆ ಮುಗಿದ ಮೇಲೆ.